ಮಳೆಯಿಲ್ಲದ ತಿಂಗಳಲ್ಲಿ ಸೋರುವ ಬಚ್ಚಲು

ತರೀಕೆರೆ ಸೀಮೆಯ ಬಚ್ಚಲುಮನೆಗಳು ವರ್ಷಕ್ಕೆ ಎರಡು ಸಲ ಸೋರುತ್ತವೆ. ಆಷಾಢದಲ್ಲಿ ಸೋರಿದರೆ ಯಾರೂ ಹುಬ್ಬೇರಿಸುವುದಿಲ್ಲ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ಜಿಟಿಜಿಟಿ ಮಳೆ ಹಿಡಿದರೆ ಬಿಡುವುದಿಲ್ಲ. ಎಲ್ಲೋ ಒಂದು ಹೆಂಚು ಸರಿದಿರುತ್ತದೆ, ಶೀಟಿನ ಬೋಲ್ಟಿನ ಸುತ್ತ ವಾಷರ್ ಸವೆದಿರುತ್ತದೆ. ಇನ್ನೊಂದು ಸೋರಿಕೆ ಧನುರ್ಮಾಸದ್ದು. ಮಳೆ ನಿಂತು ವಾರಗಳೇ ಕಳೆದಿವೆ, ರಾತ್ರಿಯ ಆಕಾಶದಲ್ಲಿ ನಕ್ಷತ್ರ ಎಣಿಸಬಹುದು. ಬೆಳಗಿನ ಜಾವ ಬಾಯ್ಲರ್‌ಗೆ ಉರಿ ಹಾಕಿ, ಪೂಜೆಗೆ ಮುಂಚೆ ಸ್ನಾನ ಮುಗಿಸೋಣವೆಂದು ಕೂತವರ ಬೆನ್ನ ಮೇಲೆ ತಣ್ಣಗೆ ಒಂದು ಹನಿ ಬೀಳುತ್ತದೆ, ಅದರ ಹಿಂದೆಯೇ ಇನ್ನೊಂದು. ರಿಪೇರಿಯವರು ಬಂದು ಏಣಿ ಹತ್ತುತ್ತಾರೆ, ಶೀಟಿನ ಮೇಲೆ ಅನುಮಾನ ಬಂದಲ್ಲೆಲ್ಲ ಡಾಂಬರು ಮೆತ್ತುತ್ತಾರೆ. ಮುಂದಿನ ಧನುರ್ಮಾಸಕ್ಕೆ ಹನಿ ಮತ್ತೆ ಹಾಜರ್. ಅಲ್ಲಿ ತೂತೇ ಇರಲಿಲ್ಲ.

ಒದ್ದೆ ಕಂಡ ತಕ್ಷಣ ನಾವು ಕೇಳುವ ಮೊದಲ ಪ್ರಶ್ನೆ ‘ಎಲ್ಲಿಂದ?’ ಎಂಬುದು. ಪತ್ತೆಗೆ ಅದು ಕೆಟ್ಟ ಪ್ರಶ್ನೆ. ನೀರು ಬಿದ್ದಲ್ಲಿ ನಿಲ್ಲುವುದಿಲ್ಲ. ಪಕಾಸಿಯ ಅಡಿಗುಂಟ ಹರಿದು ಮೂರಡಿ ಆಚೆ ತೊಟ್ಟಿಕ್ಕುತ್ತದೆ, ಗಾರೆಯ ಹಿಂದೆ ಇಳಿದು ಗೋಡೆಯ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ, ಇಟ್ಟಿಗೆಯ ಸೂಕ್ಷ್ಮರಂಧ್ರಗಳಲ್ಲಿ ಮೇಲಕ್ಕೂ ಏರುತ್ತದೆ. ‘ಯಾವಾಗ?’ ಎಂದು ಕೇಳಿದರೆ ನೀರಿಗೆ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲಾಗದು. ಮಳೆ ಬಂದ ಗಂಟೆಯೊಳಗೋ, ಉರಿ ಹಾಕಿದ ಹತ್ತು ನಿಮಿಷಕ್ಕೋ, ನೀರು ಕಾದ ಮೇಲೋ, ಕೆರೆ ತುಂಬಿದ ತಿಂಗಳಿಗೋ ಅಥವಾ ಹಗಲು ರಾತ್ರಿ ಒಂದೇ ಸಮವೋ? ಬಿಸಿನೀರಿನ ಒಲೆಯ ಸುತ್ತ ಒದ್ದೆ ಮಾಡುವ ಪ್ರತಿಯೊಂದು ಮೂಲಕ್ಕೂ ಅದರದೇ ವೇಳಾಪಟ್ಟಿಯಿದೆ.

ಈ ಸೀಮೆಯ ಒಲೆಗಳ ಬಗ್ಗೆ ಎರಡು ಮಾತು. ಲಿಂಗದಹಳ್ಳಿ, ಲಕ್ಕವಳ್ಳಿ ಕಡೆ ಅಡಿಕೆ ತೋಟ, ಕಾಡಿನ ಅಂಚು. ಕಡೂರು, ಅಜ್ಜಂಪುರದ ಕಡೆ ತೆಂಗು, ಬಯಲು. ಒಲೆಗೆ ಬೀಳುವುದೂ ಅದೇ: ಒಂದು ಕಡೆ ಅಡಿಕೆ ಸಿಪ್ಪೆ, ಹಾಳೆ, ಇನ್ನೊಂದು ಕಡೆ ತೆಂಗಿನ ಗರಿ, ಮಟ್ಟೆ, ಕರಟ. ಹಳೆಯ ಮನೆಗಳಲ್ಲಿ ಕಟ್ಟೆಯೊಳಗೆ ಹುಗಿದ ತಾಮ್ರದ ಹಂಡೆ, ಸ್ವಲ್ಪ ಈಚಿನವುಗಳಲ್ಲಿ ನಡುವೆ ಹೊಗೆಕೊಳವೆ ಹಾದುಹೋಗುವ ತಾಮ್ರದ ಬಾಯ್ಲರ್. ಮುಖ್ಯ ಮನೆಗೆ ಹೆಂಚೋ ತಾರಸಿಯೋ ಇದ್ದರೂ, ಹಿಂದೆ ಇಳಿಜಾರಾಗಿ ಕಟ್ಟಿಕೊಂಡ ಬಚ್ಚಲಿಗೆ ಬಹಳ ಕಡೆ ಜಿಂಕ್ ಶೀಟೋ ಕಲ್ನಾರು ಶೀಟೋ ಮಾಡು. ಗಾಳಿಗೆ ಕೈಯಗಲದ ಒಂದು ಜಾಲರಿ. ಚಳಿಗೆ ಅದಕ್ಕೂ ಗೋಣಿತಾಟು.

ಗಾಳಿಯಲ್ಲಿ ಎಷ್ಟು ನೀರಾವಿ ಇರಬಲ್ಲದು ಎಂಬುದಕ್ಕೆ ಉಷ್ಣತೆಯೇ ಮಿತಿ ಹಾಕುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಜಾಗದಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಹುದು; 18 ಡಿಗ್ರಿಗೆ ಇಳಿದರೆ 15 ಗ್ರಾಂ, 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ. ಮಿತಿ ಮೀರಿದ್ದು ನೀರಾಗಲೇಬೇಕು. ಯಾವ ಉಷ್ಣತೆಗೆ ಇಳಿದಾಗ ನೀರಾಗಲು ಶುರುವಾಗುತ್ತದೋ ಅದು ಆ ಗಾಳಿಯ ಇಬ್ಬನಿ ಬಿಂದು. ಇದನ್ನು ನೋಡಲು ತರೀಕೆರೆಯವರು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಕೆಮ್ಮಣ್ಣುಗುಂಡಿ ಊರಿಗಿಂತ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮೇಲೇರುವ ಗಾಳಿ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ಕೆಳಗೆ ತಿಳಿಯಾಗಿ ಕಂಡ ಅದೇ ಗಾಳಿ ದಾರಿಯಲ್ಲೆಲ್ಲೋ ತನ್ನ ಇಬ್ಬನಿ ಬಿಂದು ದಾಟಿ, ಬೆಟ್ಟದ ತಲೆಯ ಮೇಲೆ ಮಂಜಾಗಿ ಕೂರುತ್ತದೆ.

ಆರಡಿಗೆ ಐದಡಿ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಹಿಡಿಯುವ ಗಾಳಿ ಹೆಚ್ಚುಕಡಿಮೆ 7 ಘನಮೀಟರ್. ಬಿಸಿನೀರು ಸುರಿದುಕೊಳ್ಳುವಾಗ ಅದು 30 ಡಿಗ್ರಿಯಲ್ಲಿ ಆವಿ ತುಂಬಿ ನಿಂತಿದೆ ಎನ್ನೋಣ. ಅಷ್ಟೂ ಗಾಳಿ 18 ಡಿಗ್ರಿಗೆ ಇಳಿದರೆ ನೂರು ಗ್ರಾಂಗೂ ಮಿಕ್ಕಿ ನೀರು ಎಲ್ಲಾದರೂ ಕೂರಬೇಕು. ಕೂರುವುದು ಇರುವುದರಲ್ಲೇ ಅತ್ಯಂತ ತಣ್ಣಗಿರುವ ಮೈಯ ಮೇಲೆ. ಡಿಸೆಂಬರ್ ಬೆಳಗಿನಲ್ಲಿ ಆ ಮೈ ಶೀಟಿನದು.

ಶೀಟು ಅಷ್ಟು ತಣ್ಣಗಾಗುವುದು ಏಕೆ ಎಂಬುದಕ್ಕೆ ಇನ್ನೂರು ವರ್ಷ ಹಿಂದೆಯೇ ಉತ್ತರ ಸಿಕ್ಕಿದೆ. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ ರಾತ್ರಿಯೆಲ್ಲ ತೋಟದಲ್ಲಿ ಕೂತು, ತೂಕ ಮಾಡಿದ ಉಣ್ಣೆಯ ಚೂರುಗಳನ್ನು ಅಲ್ಲಲ್ಲಿ ಇಟ್ಟು, ಬೆಳಗ್ಗೆ ಮತ್ತೆ ತೂಗಿ ನೋಡುತ್ತಿದ್ದ. ಎತ್ತರಿಸಿದ ಹಲಗೆಯ ಮೇಲಿಟ್ಟ ಉಣ್ಣೆ ಅದೇ ಹಲಗೆಯ ಅಡಿಗೆ ಕಟ್ಟಿದ್ದಕ್ಕಿಂತ ಹೆಚ್ಚು ಇಬ್ಬನಿ ಹೀರಿತ್ತು. ಮೋಡವಿಲ್ಲದ ರಾತ್ರಿಗಳಲ್ಲಿ ಇಬ್ಬನಿ ಹೆಚ್ಚು, ಮೋಡ ಕವಿದರೆ ಕಡಿಮೆ. ಬಯಲಿಗೆ ಒಡ್ಡಿಕೊಂಡ ವಸ್ತು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಮೇಲೆ ಅದರ ಮೇಲೆ ಇಬ್ಬನಿ ಕೂರುತ್ತದೆ ಎಂದು ಆತ 1814ರಲ್ಲಿ ಬರೆದ. ರಾಯಲ್ ಸೊಸೈಟಿ ಅದಕ್ಕೆ ರಮ್‌ಫರ್ಡ್ ಪದಕ ಕೊಟ್ಟಿತು. ತೆಳು ಶೀಟಿನಲ್ಲಿ ಹಗಲಿನ ಬಿಸಿ ಉಳಿಯುವುದಿಲ್ಲ. ನಿಚ್ಚಳ ಆಕಾಶದ ಕೆಳಗೆ ಬೆಳಗಿನ ಜಾವದ ಹೊತ್ತಿಗೆ ಅದು ಗಾಳಿಗಿಂತ ಹಲವು ಡಿಗ್ರಿ ಕೆಳಗಿಳಿದಿರುತ್ತದೆ. ಧನುರ್ಮಾಸವೆಂದರೆ ಮೋಡವಿಲ್ಲದ ಉದ್ದದ ರಾತ್ರಿ. ಶೀಟು ಅತ್ಯಂತ ತಣ್ಣಗಿರುವ ಗಳಿಗೆಗೇ ಸರಿಯಾಗಿ ಕೆಳಗೆ ಬಿಸಿನೀರಿನ ಸ್ನಾನ. ಇಷ್ಟು ಅಚ್ಚುಕಟ್ಟಾಗಿ ಹನಿ ತಯಾರಿಸಬೇಕೆಂದು ಯಂತ್ರ ಮಾಡಿಸಿದ್ದರೂ ಆಗುತ್ತಿರಲಿಲ್ಲ.

ಪರೀಕ್ಷೆ ಸುಲಭ. ಒಂದು ದಿನ ಬಚ್ಚಲಿನಲ್ಲಿ ಒಲೆ ಹಚ್ಚಬೇಡಿ, ಸ್ನಾನವೂ ಬೇಡ. ಅಂದು ಶೀಟಿನ ಒಳಮೈ ಒಣಗಿದ್ದರೆ ಡಾಂಬರಿಗೆ ದುಡ್ಡು ಸುರಿಯಬೇಡಿ. ಶೀಟಿನ ಕೆಳಗೆ ಒಂದು ಪದರ ಥರ್ಮೋಕೋಲೋ ಮರದ ಹಲಗೆಯೋ ಕೂರಿಸಿ, ಆವಿ ಹಿಂದಕ್ಕೆ ನುಸುಳದಂತೆ ಸಂದು ಮುಚ್ಚಿದರೆ ಒಳಮೈ ಅಷ್ಟು ತಣ್ಣಗಾಗುವುದಿಲ್ಲ. ಒಲೆಯ ಹತ್ತಿರ ಥರ್ಮೋಕೋಲ್ ಸುಳಿಯಲೂ ಕೂಡದು. ಅದು ಹೊತ್ತಿಕೊಳ್ಳುವ ವಸ್ತು. ಮಾಡಿನ ಎತ್ತರದ ತುದಿಯಲ್ಲಿ ಗಾಳಿಗಂಡಿ ತೆಗೆದು, ಬಾಗಿಲ ಬುಡದಲ್ಲಿ ಗಾಳಿ ಒಳಬರುವಂತೆ ಸಂದು ಬಿಡುವುದು ಅದಕ್ಕಿಂತ ಅಗ್ಗ. ಮಳೆಗಾಲದಲ್ಲಿ ಹೊರಗೇ ಒದ್ದೆ ಗಾಳಿ, ಕಿಟಕಿ ತೆರೆದು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿದರೆ ಆಗಲೂ ಲಾಭವಿದೆ: ಹೊರಗಿನ 22 ಡಿಗ್ರಿಯ ಗಾಳಿ ತುಂಬಿ ತುಳುಕಿದರೂ ಘನಮೀಟರಿಗೆ 20 ಗ್ರಾಂ ಮುಟ್ಟುವುದಿಲ್ಲ, ಒಳಗೆ ಬಂದು ಒಲೆಯ ಕಾವಿಗೆ 30 ಡಿಗ್ರಿಯಾದರೆ ಇನ್ನೂ ಹತ್ತು ಗ್ರಾಂ ಹೊತ್ತುಕೊಂಡು ಹೊರಹೋಗಬಲ್ಲದು. ಕಾವೂ ಗಾಳಿಯೂ ಒಟ್ಟಿಗೆ ಇರಬೇಕು, ಅಷ್ಟೆ.

ಇನ್ನು ಒಲೆಯೊಳಗಿನ ಮಾತು. ತಣ್ಣೀರು ತುಂಬಿ ಬೆಂಕಿ ಹಾಕಿದ ಸ್ವಲ್ಪ ಹೊತ್ತಿಗೆ ಬಾಯ್ಲರಿನ ಅಡಿಯಿಂದ ಹನಿ ಉದುರಿ ಕೆಂಡದ ಮೇಲೆ ‘ಚುಂಯ್’ ಎನ್ನುತ್ತದೆ. ಬಾಯ್ಲರ್ ತೂತುಬಿತ್ತು, ಬೆಸುಗೆ ಬಿಟ್ಟಿತು ಎಂದು ಮನೆಯವರಿಗೆ ಗಾಬರಿ. ಸಾಮಾನ್ಯವಾಗಿ ಏನೂ ಬಿಟ್ಟಿರುವುದಿಲ್ಲ. ಆ ನೀರು ಬಾಯ್ಲರಿನೊಳಗಿನದೇ ಅಲ್ಲ, ಬೆಂಕಿಯೊಳಗಿನದು.

ಬೆಂಕಿಯಿಂದ ನೀರು ಹುಟ್ಟುತ್ತದೆ ಎಂದರೆ ಈಗಲೂ ಹಲವರು ನಗುತ್ತಾರೆ. 1860ರ ಕ್ರಿಸ್ಮಸ್ ರಜೆಯಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳ ಮುಂದೆ ಇದನ್ನೇ ಮಾಡಿ ತೋರಿಸಿದ್ದ. ಮಂಜುಗಡ್ಡೆ, ಉಪ್ಪು ತುಂಬಿದ ಪಾತ್ರೆಯನ್ನು ಉರಿಯ ಮೇಲೆ ಹಿಡಿದಾಗ ಅದರ ತಳದಲ್ಲಿ ನೀರಿನ ಹನಿ ಕಟ್ಟಿತು. ಮೇಣದಲ್ಲೂ ಕಟ್ಟಿಗೆಯಲ್ಲೂ ಇರುವ ಜಲಜನಕ ಉರಿಯುವಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಸೌದೆಯ ಒಣ ತೂಕದಲ್ಲಿ ಜಲಜನಕದ ಪಾಲು ನೂರಕ್ಕೆ ಆರರಷ್ಟು. ಹಾಗಾಗಿ ಸಂಪೂರ್ಣ ಒಣಗಿದ ಒಂದು ಕಿಲೋ ಸೌದೆ ಉರಿದರೆ ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. ಶೇಕಡಾ 30ರಷ್ಟು ತೇವ ಉಳಿದ ಅಡಿಕೆ ಸಿಪ್ಪೆಯಾದರೆ ಸಿಪ್ಪೆಯದೇ ನೀರೂ ಸೇರಿ ಕಿಲೋಗೆ ಮೂರನೇ ಎರಡು ಲೀಟರ್ ದಾಟುತ್ತದೆ. ಎರಡು ಕಿಲೋ ಸುಟ್ಟರೆ ಒಂದು ಲೀಟರಿಗೂ ಮೀರಿದ ನೀರು ತಣ್ಣನೆಯ ತಾಮ್ರವನ್ನು ಸವರಿಕೊಂಡು ಹೋಗುತ್ತದೆ. ಅದರಲ್ಲಿ ಸ್ವಲ್ಪ ಅಲ್ಲೇ ಹನಿಗಟ್ಟಿದರೆ ಅಚ್ಚರಿಯೇನು? ಫ್ಯಾರಡೆಯ ಮಂಜುಗಡ್ಡೆಯ ಪಾತ್ರೆಯ ಜಾಗದಲ್ಲಿ ನಮ್ಮ ಬಾಯ್ಲರ್ ಇದೆ.

ಇಲ್ಲೂ ಗಡಿಯಾರವೇ ತೀರ್ಪುಗಾರ. ಒಳಗಿನ ನೀರು ಕೈಯಿಡಲಾಗದಷ್ಟು ಬಿಸಿಯಾದಾಗ ತಾಮ್ರದ ಮೈ ಹೊಗೆಯ ಇಬ್ಬನಿ ಬಿಂದು ದಾಟಿ ಮೇಲೇರುತ್ತದೆ. ಆಮೇಲೆ ಹನಿ ಕಟ್ಟದು. ‘ಚುಂಯ್’ ಆ ಹೊತ್ತಿಗೆ ನಿಂತರೆ ಅದು ಬೆವರು. ನೀರು ಕುದಿಯುವಾಗಲೂ ನಿಲ್ಲದಿದ್ದರೆ ಅಥವಾ ಒಲೆ ಆರಿದ ಮೇಲೆ ಮುಂಜಾನೆ ಬೂದಿ ಒದ್ದೆಯಾಗಿ ಗಟ್ಟಿ ಕಟ್ಟಿದ್ದರೆ, ಆಗ ಬೆಸುಗೆಯವರನ್ನು ಕರೆಯಿರಿ.

ಬೆವರು ನಿರಪಾಯಕಾರಿಯೆಂದೇನೂ ಅಲ್ಲ. ಕಟ್ಟಿಗೆ ಹೊಗೆಯ ನೀರಿನಲ್ಲಿ ಅಸಿಟಿಕ್ ಆಮ್ಲವಿರುತ್ತದೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಸಿ ನಿಧಾನವಾಗಿ ತಿನ್ನುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವ ದಿನವೇ ಇದನ್ನು ನೋಡಲು ಪ್ರಶಸ್ತ ದಿನ. ವರ್ಷದ ಮಸಿ ಹೋಗಿ ಲೋಹ ಬರಿಗಣ್ಣಿಗೆ ಕಾಣುವುದು ಅಂದೊಂದೇ ದಿನ. ತಿಕ್ಕಿದ ಮೇಲೂ ಬೆಸುಗೆಯ ಗೆರೆಯುದ್ದಕ್ಕೆ ಹಸಿರು ಮತ್ತೆ ಮತ್ತೆ ಏಳುತ್ತಿದ್ದರೆ ಅಲ್ಲಿ ಒದ್ದೆ ಒಣಗುತ್ತಿಲ್ಲ.

ಹೊಗೆಕೊಳವೆಯ ಸಂದಿನಿಂದ ಗೋಡೆಗೆ ಇಳಿಯುವ ಕಪ್ಪು ನೀರಿನದೂ ಇದೇ ಕುಲ. ಸಿಪ್ಪೆ ಹಸಿಯಾಗಿದ್ದು, ಗಾಳಿ ಸಾಲದೆ ಹೊಗೆಯಾಡಿದರೆ ಮೇಲಿನ ಕೊಳವೆ ತಣ್ಣಗೇ ಉಳಿದು, ಆವಿಯೂ ಮಸಿಯೂ ಡಾಂಬರಿನಂಥ ಅಂಟೂ ಸೇರಿ ಕೆಳಗಿಳಿಯುತ್ತವೆ. ಇಲ್ಲೊಂದು ಕೈಕೆಲಸದ ಸೂಕ್ಷ್ಮವಿದೆ. ಕೊಳವೆ ಕೂಡಿಸುವವರು ಹೊಗೆ ಮೇಲೆ ಹೋಗುತ್ತದಲ್ಲ ಎಂದು ಕೆಳಗಿನ ತುಂಡಿನ ಬಾಯನ್ನು ಮೇಲಿನದರೊಳಗೆ ತೂರಿಸುತ್ತಾರೆ. ಹೊಗೆ ಮೇಲೆ ಹೋಗುವುದು ನಿಜ. ನೀರು ಕೆಳಗೆ ಬರುತ್ತದೆ. ಮೇಲಿನ ತುಂಡು ಕೆಳಗಿನದರ ಒಳಗೆ ಇಳಿದಿದ್ದರೆ ಆ ಕಪ್ಪು ನೀರು ಕೊಳವೆಯೊಳಗೇ ಜಾರಿ ಒಲೆ ಸೇರಿ ಮತ್ತೆ ಸುಡುತ್ತದೆ. ತಿರುಗುಮುರುಗಾದರೆ ಪ್ರತಿ ಸಂದೂ ಗೋಡೆಗೆ ಒಂದೊಂದು ಕಪ್ಪು ನಾಮ ಎಳೆಯುತ್ತದೆ, ಎಷ್ಟು ಸುಣ್ಣ ಬಳಿದರೂ ಅದು ಎದ್ದು ಬರುತ್ತದೆ.

ಇದೇ ಬೆವರನ್ನು ಬೇಕೆಂದೇ ಬರಿಸುವ ದೇಶಗಳೂ ಇವೆ. ಆವಿ ನೀರಾಗುವಾಗ ತನ್ನೊಳಗಿನ ಗುಪ್ತ ಶಾಖ ಬಿಟ್ಟುಕೊಡುತ್ತದೆ. ನೈಸರ್ಗಿಕ ಅನಿಲ ಉರಿಸಿ ಸಿಗುವ ಒಟ್ಟು ಶಾಖದಲ್ಲಿ ಹತ್ತರಲ್ಲೊಂದು ಪಾಲು ಹೀಗೆ ಹೊಗೆಯ ಜೊತೆ ಹಾರಿಹೋಗುತ್ತಿತ್ತು. ಅದನ್ನು ಹಿಡಿಯುವ ಬಾಯ್ಲರುಗಳನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸ ಜೋಡಣೆಗಳಿಗೆ ಬಹುಮಟ್ಟಿಗೆ ಕಡ್ಡಾಯ ಮಾಡಲಾಯಿತು. ಲಂಡನ್ನಿನಲ್ಲೋ ಲೆಸ್ಟರಿನಲ್ಲೋ ನೆಲೆಸಿದ ಕನ್ನಡದ ಮನೆಯವರು ಅಡುಗೆಮನೆಯ ಗೋಡೆಯ ಪೆಟ್ಟಿಗೆಯಿಂದ ಹೊರಹೋಗುವ ಸಣ್ಣ ಪ್ಲಾಸ್ಟಿಕ್ ಕೊಳವೆ ನೋಡಿರುತ್ತಾರೆ. ಆ ಹುಳಿನೀರು ಹರಿಯುವುದು ಅದರಲ್ಲೇ. ಕೊಳವೆ ಹೊರಗೋಡೆಯ ಮೇಲಿದ್ದರೆ ಕೊರೆಯುವ ಚಳಿಗೆ ನೀರು ಹೆಪ್ಪುಗಟ್ಟಿ ಬಾಯ್ಲರ್ ತಾನೇ ನಿಂತುಬಿಡುತ್ತದೆ. 2010ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಇದೇ ಆಯಿತು. ನಮ್ಮ ಸೌದೆ ಒಲೆಗೆ ಈ ಜಾಣತನ ಒಗ್ಗದು. ಫ್ಯಾನಿಲ್ಲದ ಒಲೆಯಲ್ಲಿ ಹೊಗೆಯನ್ನು ಮೇಲೆಳೆಯುವುದು ಆ ಹೊಗೆಯ ಬಿಸಿಯೇ. ಅದನ್ನೂ ಕಿತ್ತುಕೊಂಡರೆ ಹೊಗೆ ಬಚ್ಚಲಿಗೇ ತಿರುಗುತ್ತದೆ.

ಎಲ್ಲ ಹನಿಯೂ ಬೆವರಲ್ಲ, ನಿಜ. ಪೈಪು, ನಲ್ಲಿ, ಗೀಸರುಗಳು ಸೋರುವುದುಂಟು. ಬೋರ್‌ವೆಲ್ ನೀರಿರುವ ಕಡೂರು ಕಡೆಯ ಮನೆಗಳಿಗೆ ನಾನು ಶಿಫಾರಸು ಮಾಡುವ ಪರೀಕ್ಷೆಗೆ ಒಂದು ಸ್ಟೀಲ್ ತಟ್ಟೆ ಸಾಕು. ಅನುಮಾನದ ಹನಿಗಳನ್ನು ತಟ್ಟೆಯ ಒಂದು ಕಡೆ ಹಿಡಿಯಿರಿ, ನಲ್ಲಿಯ ನೀರಿನ ಅಷ್ಟೇ ಹನಿಗಳನ್ನು ಇನ್ನೊಂದು ಕಡೆ ಬಿಡಿ, ಬಿಸಿಲಿಗಿಡಿ. ಒಣಗಿದಾಗ ನಲ್ಲಿನೀರು ಬಿಳಿ ಉಂಗುರ ಉಳಿಸುತ್ತದೆ. ಇನ್ನೊಂದೂ ಹಾಗೇ ಉಳಿಸಿದರೆ ಅದು ಪೈಪಿನಿಂದ ಬಂದದ್ದು. ಏನೂ ಉಳಿಸದಿದ್ದರೆ ಗಾಳಿಯಿಂದ ಬಂದದ್ದು. ಆವಿಯಾಗಿ ಬಂದ ನೀರಿನಲ್ಲಿ ಉಪ್ಪಿರುವುದಿಲ್ಲ. ಹಳದಿ, ಕಂದು ಕಲೆ ಉಳಿದರೆ ಹೊಗೆಕೊಳವೆ ನೋಡಿ. ಮಲೆನಾಡಿನ ಕಡೆಯ ಮೆದುನೀರಿನಲ್ಲಿ ಉಂಗುರ ತೆಳುವಾಗಿರುತ್ತದೆ, ಹತ್ತಾರು ಹನಿ ಒಣಗಿಸಬೇಕಾದೀತು.

ಗೋಡೆಗೂ ಇದೇ ತರ್ಕ ಸಲ್ಲುತ್ತದೆ. ಗೋಡೆಯೊಳಗಿಂದ ಹಾದುಬಂದ ನೀರು ಇಟ್ಟಿಗೆ, ಗಾರೆ, ಮಣ್ಣಿನ ಉಪ್ಪನ್ನು ಕರಗಿಸಿ ತಂದು ಮೇಲ್ಮೈಯಲ್ಲಿ ಒಣಗುತ್ತದೆ. ಬಣ್ಣ ಹೊಪ್ಪಳೆಯೆದ್ದು ಬಿಳಿ ಪುಡಿ ಉದುರುತ್ತದೆ. ಗಾಳಿಯಿಂದ ಕೂತ ನೀರು ಉಪ್ಪು ತರುವುದಿಲ್ಲ. ಮೂಲೆಗಳಲ್ಲಿ, ಮೇಲ್ಗಡೆ, ಬೀರುವಿನ ಹಿಂದೆ ಕಪ್ಪು ಚುಕ್ಕೆಯ ಬೂಷ್ಟು ಬೆಳೆಸುತ್ತದೆ. ಎರಡೂ ಕಲಸಿಕೊಂಡಿದ್ದರೆ ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಟ್ಟಿದರೆ ಗೋಡೆಯದು, ಮುಂದೆ ಕಟ್ಟಿದರೆ ಕೋಣೆಯದು.

ಕರೆಂಟಿನ ಗೀಸರಿನ ಬಗ್ಗೆ ಬರುವ ದೂರು ಹೆಚ್ಚಾಗಿ ಒಂದೇ: ಮೇಲೋ ಕೆಳಗೋ ಇರುವ ಸುರಕ್ಷಾ ವಾಲ್ವ್ ತೊಟ್ಟಿಕ್ಕುತ್ತದೆ. ನೀರು 25ರಿಂದ 60 ಡಿಗ್ರಿಗೆ ಕಾಯುವಾಗ ಸುಮಾರು ಶೇಕಡಾ ಒಂದೂವರೆಯಷ್ಟು ಹಿಗ್ಗುತ್ತದೆ. 25 ಲೀಟರಿನ ಗೀಸರಾದರೆ ಹಿಗ್ಗಿದ್ದು ಒಂದು ದೊಡ್ಡ ಲೋಟದಷ್ಟು. ಮೇಲಿನ ಟ್ಯಾಂಕಿನ ಕಡೆ ವಾಪಸ್ ಹೋಗದಂತೆ ತಡೆವಾಲ್ವ್ ಇದ್ದರೆ ಆ ನೀರು ಸುರಕ್ಷಾ ವಾಲ್ವಿನಿಂದಲೇ ಬರಬೇಕು, ಬರಬೇಕಾದ್ದೂ ಹೌದು. ಸ್ವಿಚ್ ಹಾಕಿದ ಮೇಲೆ ತೊಟ್ಟಿಕ್ಕಿ, ಕಾದು ಮುಗಿದ ಮೇಲೆ ನಿಂತರೆ ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ಅದರ ಬಾಯಿಗೆ ಮುಚ್ಚಳ ಬಿಗಿಯುವವರನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಹಿಗ್ಗುವ ನೀರಿಗೆ ದಾರಿ ಇಲ್ಲದಿದ್ದರೆ ಅದು ಟ್ಯಾಂಕನ್ನೇ ಸೀಳುತ್ತದೆ. ಸ್ವಿಚ್ ಹಾಕದ ದಿನವೂ ತೊಟ್ಟಿಕ್ಕಿದರೆ ವಾಲ್ವ್ ಹಾಳಾಗಿದೆ ಅಥವಾ ನೀರಿನ ಒತ್ತಡ ಹೆಚ್ಚಿದೆ.

ನೆಲದಿಂದ ಏರುವ ಶೀತದ ವೇಳಾಪಟ್ಟಿ ಬಹಳ ನಿಧಾನದ್ದು. ಪಾಯದ ಮೇಲೆ ತೇವ ತಡೆಯುವ ಪಟ್ಟಿ ಹಾಕದ ಹಳೆಯ ಗೋಡೆಗಳಲ್ಲಿ, ಮಳೆ ಶುರುವಾಗಿ ವಾರಗಳಾದ ಮೇಲೆ ಮೊಣಕಾಲೆತ್ತರ, ಸೊಂಟದೆತ್ತರ ಏರಿ, ಬೇಸಿಗೆಯಲ್ಲಿ ಇಳಿಯುತ್ತದೆ. ಬೆಳಗಿನ ಸ್ನಾನಕ್ಕೂ ಅದಕ್ಕೂ ನಂಟಿಲ್ಲ. ಅಜ್ಜಂಪುರದ ಕಡೆಯ ಎರೆಭೂಮಿಯಲ್ಲಿ ಮಾತ್ರ ಇನ್ನೊಂದು ಗೋಜಲಿದೆ: ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ಬಚ್ಚಲ ನೆಲ ಅಲುಗಿ ಹೂತ ಪೈಪಿನ ಸಂದು ಸಡಿಲವಾಗುತ್ತದೆ. ನೆಲದ ಶೀತವೆಂದು ಬಿಟ್ಟದ್ದು ಬಚ್ಚಲ ನೀರೇ ಆಗಿರಬಹುದು. ಊರಿಗೆ ಹೋಗಿ ಮನೆ ಬೀಗ ಹಾಕಿದ್ದ ಹದಿನೈದು ದಿನಗಳಲ್ಲಿ ಕಲೆ ಕುಗ್ಗಿದ್ದರೆ ದೂರಬೇಕಾದ್ದು ಪೈಪನ್ನು.

ಇಲ್ಲಿಯವರೆಗೆ ಹೇಳಿದ್ದು ಬಹುಪಾಲು ದುಡ್ಡಿನ ನಷ್ಟದ ಮಾತು. ಗ್ಯಾಸ್ ಗೀಸರಿನ ಸುತ್ತಲ ಒದ್ದೆ ಬೇರೆ ಜಾತಿಯದು, ಅದನ್ನು ನಾನು ಹಗುರವಾಗಿ ಬರೆಯಲಾರೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ, 14.2 ಕಿಲೋದ ಒಂದು ಸಿಲಿಂಡರಿನಿಂದ ಹೆಚ್ಚುಕಡಿಮೆ 22 ಲೀಟರ್ ನೀರು. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿ ಏರಿಸುವ ಗೀಸರ್ ನಿಮಿಷಕ್ಕೆ ಸುಮಾರು 16 ಗ್ರಾಂ ಅನಿಲ ಸುಟ್ಟು 25 ಗ್ರಾಂ ನೀರಾವಿ ಬಿಡುತ್ತದೆ. ನಮ್ಮ 7 ಘನಮೀಟರಿನ ಬಚ್ಚಲಿನ ಗಾಳಿ 25 ಡಿಗ್ರಿಯಲ್ಲಿ ಹಿಡಿಯಬಲ್ಲದ್ದು 160 ಗ್ರಾಂ. ಹತ್ತು ನಿಮಿಷದಲ್ಲಿ ಬರುವುದು 250. ಜ್ವಾಲೆಯ ಈ ನೀರು ಒಂಟಿಯಾಗಿ ಬರುವುದಿಲ್ಲ. ಅದೇ ಹತ್ತು ನಿಮಿಷದಲ್ಲಿ, ಬಾಗಿಲು ಕಿಟಕಿ ಬಿಗಿದಿದ್ದರೆ, ಕೋಣೆಯ ಆಮ್ಲಜನಕದ ಕಾಲುಭಾಗಕ್ಕೂ ಹೆಚ್ಚು ಉರಿದುಹೋಗುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಅದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದರು, ಬಾಗಿಲು ಒಡೆಯಬೇಕಾಯಿತು ಎಂಬ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಚಳಿಗಾಲದಲ್ಲಿ ಬರುತ್ತಲೇ ಇರುತ್ತದೆ.

ಹಾಗಾಗಿ ಗ್ಯಾಸ್ ಗೀಸರ್ ಒಳಗೇ ಇರುವ ಬಚ್ಚಲಿನಲ್ಲಿ ಗೋಡೆ ಧಾರಾಕಾರ ಬೆವರುತ್ತಿದೆ, ಬೂಷ್ಟು ಹೋಗುತ್ತಲೇ ಇಲ್ಲ ಎಂದರೆ ಬಣ್ಣದವರನ್ನು ಕರೆಯುವ ಮೊದಲು ಗೀಸರಿನ ಹೊಗೆ ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು. ನೀರು ಕೋಣೆಯಲ್ಲಿ ಉಳಿಯುತ್ತಿದ್ದರೆ ಅದರ ಜೊತೆ ಹುಟ್ಟಿದ್ದೂ ಉಳಿಯುತ್ತಿದೆ. ಗೋಡೆ ಬೆವರದಿದ್ದರೆ ಅಪಾಯವಿಲ್ಲ ಎಂದು ಇದನ್ನು ತಿರುಗಿಸಿ ಓದಬಾರದು. ಬಿಸಿಯೇರಿದ ಗೋಡೆಯ ಮೇಲೆ ಹನಿ ಕಟ್ಟದು, ವಿಷಾನಿಲಕ್ಕೆ ಅದರ ಹಂಗಿಲ್ಲ. ಜ್ವಾಲೆ ನೀಲಿ ಬಿಟ್ಟು ಹಳದಿಗೆ ತಿರುಗಿದ್ದರೆ, ಗೀಸರಿನ ತಲೆಯ ಮೇಲೆ ಮಸಿ ಕೂತಿದ್ದರೆ, ಸ್ನಾನ ಮಾಡಿ ಬಂದವರಿಗೆ ತಲೆನೋವು ಬರುತ್ತಿದ್ದರೆ ಆ ದಿನವೇ ಅದನ್ನು ನಿಲ್ಲಿಸಬೇಕು. ಗಾಳಿಗಂಡಿಯನ್ನು ಮೇಲೊಂದು, ನೆಲಮಟ್ಟದಲ್ಲೊಂದು ಇಡುತ್ತಾರೆ: ಬಿಸಿ ಹೊಗೆ ಮೇಲೇರುತ್ತದೆ, ಉರಿಯದೆ ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲಿ ಹರಡುತ್ತದೆ. ಆದರೆ ಗಂಡಿ ನಂಬಿ ಒಳಗೇ ಇಟ್ಟುಕೊಳ್ಳುವುದಕ್ಕಿಂತ ಗೀಸರನ್ನೇ ಹೊರಗೋಡೆಗೆ ಸಾಗಿಸುವುದು ಲೇಸು. ಚಳಿಗೆ ಗಂಡಿಗೆ ಗೋಣಿತಾಟು ತುರುಕುವ ಕೈ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಗೀಸರ್ ಹೊರಗಿದ್ದು ಬಿಸಿನೀರಿನ ಪೈಪು ಮಾತ್ರ ಗೋಡೆ ದಾಟಿ ಒಳಬಂದರೆ ಸಾಕು. ಅದಕ್ಕೆ ಬೇಕಾಗುವುದು ಎರಡು ಮೂರು ಅಡಿ ಪೈಪು, ಒಂದೆರಡು ಎಲ್ಬೋ, ಮಳೆ ಹೊಡೆಯದಂತೆ ಗೀಸರಿನ ತಲೆಯ ಮೇಲೆ ಒಂದು ಸಣ್ಣ ಮಾಡು.